ನಾಲ್ಕು ತಿಂಗಳು ತಡವಾದ ಎಕ್ಸ್‌ರೇ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಉಸಿರಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಎಕ್ಸ್‌ರೇ ಕೋಣೆಯಲ್ಲಿ, ಸೀಸದ ಅಡ್ಡಗೋಡೆಯ ಹಿಂದೆ ನಿಂತು, “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ” ಎಂದು ಹೇಳಿ ಹೇಳಿ ಅಂಟಿಕೊಂಡ ಹೆಸರು ಅದು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕರೆದರೆ ಅವನೇ ಒಮ್ಮೊಮ್ಮೆ ತಿರುಗಿ ನೋಡುತ್ತಿರಲಿಲ್ಲ.

ಅವನು ಕಟ್ಟುನಿಟ್ಟಿನ ಮನುಷ್ಯ. ತೆಗೆದ ಚಿತ್ರದಲ್ಲಿ ಏನಿದೆ ಎಂದು ರೋಗಿಗೆ ಅವನ ಬಾಯಿಂದ ಒಂದಕ್ಷರ ಬರುತ್ತಿರಲಿಲ್ಲ. ಯಾರು ಎಷ್ಟೇ ಗೋಗರೆದರೂ “ಡಾಕ್ಟ್ರು ಹೇಳ್ತಾರೆ” ಎಂಬ ಒಂದೇ ಮಾತು. ಇನ್ನೊಂದು, ನೆಂಟರಿಷ್ಟರನ್ನು ಹಿಂಬಾಗಿಲಿಂದ ಒಳಗೆ ಬಿಡುವುದಿಲ್ಲ. ಹಿಂದೊಮ್ಮೆ ಚಿಕ್ಕಪ್ಪನ ಮಗನ ಮಣಿಕಟ್ಟಿನ ಚಿತ್ರವನ್ನು ಚೀಟಿಯಿಲ್ಲದೆ ತೆಗೆದುಕೊಟ್ಟು, ಮೇಲಿನವರಿಂದ ಎಲ್ಲರ ಮುಂದೆ ಬೈಸಿಕೊಂಡಿದ್ದ. ಅವತ್ತಿನಿಂದ ಯಾರಾದರೂ ಮನೆಗೆ ಬಂದು “ಸ್ವಲ್ಪ ಇಲ್ಲಿ ನೋವು, ಒಂದು ಫೋಟೋ ತೆಗೀತೀಯಾ?” ಎಂದರೆ ಮುಲಾಮಿನ ಹೆಸರು ಬರೆದುಕೊಟ್ಟು ಕಳಿಸುತ್ತಿದ್ದ.

ಒಂದು ಸೋಮವಾರ ಮಧ್ಯಾಹ್ನ ಮೂವತ್ತೊಂದನೇ ನಂಬರ್ ಕೂಗಿದಾಗ ಒಳಗೆ ಬಂದವಳು ಅವನ ಅಕ್ಕನ ಮಗಳು.

“ಏನೇ ಇದು, ಹೇಳದೆ ಕೇಳದೆ?”

“ಹೇಳಿದ್ರೆ ಮತ್ತೆ ಮುಲಾಮು ಕೊಡ್ತಿದ್ರಿ ಮಾವ. ಅದಕ್ಕೇ ಎಲ್ಲರ ಹಾಗೆ ಸಾಲಲ್ಲಿ ನಿಂತು ಬಂದೆ. ಎರಡು ಗಂಟೆ ನಿಂತಿದ್ದೀನಿ, ಈಗಲಾದ್ರೂ ಮಲಗಿಸಿ,” ಎಂದು ಅವಳು ಚೀಟಿ ಚಾಚಿದಳು. ಬಲ ಮೊಣಕಾಲು, ಮುಂದಿನಿಂದ ಮತ್ತು ಪಕ್ಕದಿಂದ.

ಅವಳಿಗೆ ಹತ್ತೊಂಬತ್ತು. ಹುಟ್ಟಿದಾಗ ಅಂಗೈಯಷ್ಟಿದ್ದರೂ ಅತ್ತರೆ ಬೀದಿಗೆಲ್ಲ ಕೇಳುತ್ತಿತ್ತು ಎಂದು ಅವನೇ ಇಟ್ಟ ಅಡ್ಡಹೆಸರು ಮೆಣಸು. ಅವಳಿಗೆ ಐದು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಅಕ್ಕ ಒಂದು ಶಾಲೆಯಲ್ಲಿ ಆಯಾ ಆಗಿ ಸೇರಿಕೊಂಡು, ತಮ್ಮನ ಮನೆಯ ಗೋಡೆಗೇ ಅಂಟಿದ ಎರಡು ಕೋಣೆಯ ಮನೆಯಲ್ಲಿ ಮಗಳನ್ನು ಬೆಳೆಸಿದಳು. ಈಗ ಮೆಣಸು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಗಿರಾಕಿ ಇರಲಿ ಬಿಡಲಿ ಕೂರುವಂತಿಲ್ಲ.

ಹಾಗಾಗಿಯೇ ಕಾಲುನೋವು ಎಂದು ಅಕ್ಕ ಮೊದಲ ಸಲ ಹೇಳಿದಾಗ ಅವನು ನಕ್ಕುಬಿಟ್ಟಿದ್ದ. “ಹತ್ತು ಗಂಟೆ ನಿಂತ್ರೆ ನೋಯದೆ ಇನ್ನೇನಾಗುತ್ತೆ ಅಕ್ಕ? ಕುದುರೆಗೂ ನೋಯುತ್ತೆ.” ಎರಡನೇ ತಿಂಗಳು ಸುತ್ತುವ ಪಟ್ಟಿ ತಂದುಕೊಟ್ಟ. ಮೂರನೇ ತಿಂಗಳು ಮೆಣಸೇ ಗೋಡೆಯಾಚೆಯಿಂದ ಕೂಗಿ ಹೇಳಿದ್ದಳು, “ಮಾವ, ನಿಂತಾಗಿಂತ ಮಲಗಿದಾಗಲೇ ಜಾಸ್ತಿ ನೋಯುತ್ತೆ. ನಿದ್ದೆಯಿಂದ ಎಬ್ಬಿಸುತ್ತೆ.” ಆ ಮಾತಿಗಾದರೂ ಅವನ ಕಿವಿ ನಿಮಿರಬೇಕಿತ್ತು. ದುಡಿದು ದಣಿದ ಕಾಲು ಮಲಗಿದರೆ ಸುಧಾರಿಸುತ್ತದೆ. ಮಲಗಿದಾಗ ಕಚ್ಚುವ ನೋವೇ ಬೇರೆ. ಅವನಿಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ಮನೆಯವರ ನೋವು ಕಣ್ಣಿಗೆ ರೆಪ್ಪೆಯ ಹಾಗೆ, ಹತ್ತಿರವಿದ್ದರೂ ಕಾಣುವುದಿಲ್ಲ. ಆಮೇಲೆ ಅಕ್ಕ ಯಾರೋ ಹೇಳಿದರೆಂದು ಎಣ್ಣೆ ಹಚ್ಚಿ ತಿಕ್ಕುವವನ ಹತ್ತಿರ ಕರೆದುಕೊಂಡು ಹೋಗಿದ್ದಳು. ತಿಕ್ಕಿಸಿದ ಮೇಲೆ ಮೊಣಕಾಲು ಬಾತುಕೊಂಡಿತ್ತು.

ಅವಳನ್ನು ಮೇಜಿನ ಮೇಲೆ ಮಲಗಿಸಿ, ಕಾಲು ನೇರ ಮಾಡಿ, ಅವನು ಅಡ್ಡಗೋಡೆಯ ಹಿಂದೆ ಹೋಗಿ ಗುಂಡಿ ಒತ್ತಿದ. ಪರದೆಯ ಮೇಲೆ ಚಿತ್ರ ಮೂಡಿತು.

ಮೊಣಕಾಲಿನ ಮೇಲೆ, ತೊಡೆಮೂಳೆ ಅಗಲವಾಗುವ ಜಾಗದಲ್ಲಿ, ಮೂಳೆ ನುಸಿ ತಿಂದ ಬಟ್ಟೆಯಂತಾಗಿತ್ತು. ಅದರ ಹೊರಪದರ ಎದ್ದು ನಿಂತಿತ್ತು. ಅಲ್ಲಿಂದ ಮಾಂಸದೊಳಕ್ಕೆ ಬಿಳಿಯ ಎಳೆಗಳು ಮಕ್ಕಳು ಬರೆಯುವ ಸೂರ್ಯನ ಕಿರಣಗಳ ಹಾಗೆ ಚೆದುರಿದ್ದವು. ಇಪ್ಪತ್ತೆಂಟು ವರ್ಷದಲ್ಲಿ ಇಂಥದ್ದನ್ನು ಅವನು ಆರೋ ಏಳೋ ಸಲ ನೋಡಿದ್ದ. ಹೆಚ್ಚಿನವು ಇದೇ ವಯಸ್ಸಿನವರದು. ಅದು ಶ್ವಾಸಕೋಶಕ್ಕೆ ಹರಡಿದ ಮೇಲೆ ಅವರಲ್ಲಿ ಇಬ್ಬರ ಎದೆಯ ಚಿತ್ರವನ್ನೂ ಅವನೇ ತೆಗೆದಿದ್ದ.

“ಏನು ಮಾವ, ಮುರಿದಿದೆಯಾ?”

“ಡಾಕ್ಟ್ರು ಹೇಳ್ತಾರೆ.”

“ಅದ್ಯಾಕೆ ನನ್ನ ಮುಖ ನೋಡ್ತಿಲ್ಲ ನೀವು?”

ಅವನು ಸಾಲಿನಲ್ಲಿದ್ದವರನ್ನು ಕಾಯಲು ಬಿಟ್ಟು, ಚಿತ್ರವನ್ನು ಹಿಡಿದುಕೊಂಡು ಮೂಳೆ ಡಾಕ್ಟರಮ್ಮನ ಕೋಣೆಗೆ ಹೋದ. ಸಾಲು ಬಿಟ್ಟು ಒಳಗೆ ನುಗ್ಗಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಮುಂದಿನ ಹದಿನೈದು ದಿನ ಪರೀಕ್ಷೆಗಳಲ್ಲೇ ಕಳೆದವು. ತೊಡೆಗೆ ಎಂಆರ್‌ಐ, ಎದೆಗೆ ಸಿಟಿ, ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದು ಪರೀಕ್ಷೆ. ಎಲ್ಲ ಬಂದ ಮೇಲೆ ಡಾಕ್ಟರಮ್ಮ ಅಕ್ಕನನ್ನೂ ಅವನನ್ನೂ ಕೂರಿಸಿಕೊಂಡರು.

“ಮೂಳೆ ಕಟ್ಟೋ ಜೀವಕೋಶಗಳು ಎಲ್ಲರಲ್ಲೂ ಇರ್ತವೆ. ಇವಳಲ್ಲಿ ಅವು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನೇ ಮರೆತಿವೆ. ಬೇರೆ ಕಡೆಯಿಂದ ಮೂಳೆಗೆ ಹರಡಿದ ಕ್ಯಾನ್ಸರ್ ಅಲ್ಲ ಇದು, ಮೂಳೆಯಲ್ಲೇ ಹುಟ್ಟಿದ್ದು. ಏಟು ಬಿದ್ದು ಬರೋದಲ್ಲ, ಊಟದಿಂದ ಬರೋದಲ್ಲ. ಸದ್ಯಕ್ಕೆ ಎದೆಯಲ್ಲಿ ಏನೂ ಕಾಣ್ತಿಲ್ಲ. ಅದೊಂದು ಸಮಾಧಾನ.”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. “ಅವಳಿಗೆ ಹೇಳೋದು ಬೇಡ,” ಎಂದಳು ಕೊನೆಗೆ. “ಮೂಳೆಗೆ ಕೀವು ಆಗಿದೆ ಅಂತ ಹೇಳೋಣ. ಕ್ಯಾನ್ಸರ್ ಅಂದ್ರೆ ಅರ್ಧ ಜೀವ ಅಲ್ಲೇ ಹೋಗುತ್ತೆ ಅವಳದ್ದು.”

“ಅವಳಿಗೆ ಹತ್ತೊಂಬತ್ತು ವರ್ಷ ಅಮ್ಮ. ಚಿಕಿತ್ಸೆಗೆ ಒಪ್ಪಿಗೆಯ ಸಹಿ ಅವಳೇ ಹಾಕಬೇಕು,” ಎಂದರು ಡಾಕ್ಟರಮ್ಮ.

“ಸಹಿ ಹಾಕೋ ಹೊತ್ತಿಗೆ ನೋಡೋಣ,” ಎಂದು ಅಕ್ಕ ಎದ್ದುಬಿಟ್ಟಳು.

ಕೀವಿನ ಕಥೆ ಒಂದು ದಿನವೂ ಬಾಳಲಿಲ್ಲ. ಅವಳನ್ನು ಸೇರಿಸಿಕೊಂಡ ವಾರ್ಡಿನಲ್ಲಿ ಎಂಟು ಮಂಚ, ಎಂಟರಲ್ಲಿ ಆರು ತಲೆಗೆ ಕೂದಲಿಲ್ಲ. ಮರುದಿನ ಸಂಜೆ ಅವನು ಕೆಲಸ ಮುಗಿಸಿ ಹೋದಾಗ ಮೆಣಸು ಪಕ್ಕದ ಸ್ಟೂಲನ್ನು ಕೈಯಿಂದ ತಟ್ಟಿದಳು.

“ಕೂತ್ಕೊಳ್ಳಿ. ಅಮ್ಮ ಟೀ ತರೋಕೆ ಹೋಗಿದ್ದಾಳೆ, ಬರೋಕೆ ಕಾಲು ಗಂಟೆ ಬೇಕು. ಅಷ್ಟರಲ್ಲಿ ಹೇಳಿಬಿಡಿ. ಕಾಗೆ ಗುಬ್ಬಿ ಕಥೆ ಬೇಡ.”

ಅವನು ಹೇಳಿದ. ಇಪ್ಪತ್ತೆಂಟು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗವನ್ನು ತೆಗೆದು, ಔಷಧಿ ಚೀಟಿಯ ಹಿಂದೆ ತೊಡೆಮೂಳೆಯ ಚಿತ್ರ ಬರೆದು, ಗಡ್ಡೆ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಗೆರೆ ಹಾಕಿ ತೋರಿಸಿದ. ಮೊದಲು ಸುಮಾರು ಹತ್ತು ವಾರ ಕೀಮೋ. ರಕ್ತನಾಳಕ್ಕೆ ಹಾಕುವ ಔಷಧಿ. ವಾಂತಿ ಬರುತ್ತೆ, ಬಾಯಿ ಹುಣ್ಣಾಗುತ್ತೆ, ಕೂದಲು ಹೋಗುತ್ತೆ. ಆಮೇಲೆ ಆಪರೇಷನ್, ಅದಾದ ಮೇಲೆ ಮತ್ತೆ ತಿಂಗಳುಗಟ್ಟಲೆ ಅದೇ ಔಷಧಿ. ಕರೆಂಟು ಕೊಡೋದು ಅಂತಾರಲ್ಲ, ರೇಡಿಯೇಷನ್, ಅದಕ್ಕೆ ಈ ಜಾತಿಯ ಗಡ್ಡೆ ಅಷ್ಟಾಗಿ ಬಗ್ಗೋದಿಲ್ಲ.

“ಆಪರೇಷನ್ ಅಂದ್ರೆ? ಕಾಲು ತೆಗೀತಾರಾ?”

“ಮೂರು ದಾರಿ ಇದೆ. ಕೆಟ್ಟ ಮೂಳೆಯಷ್ಟನ್ನೇ ತೆಗೆದು ಅಲ್ಲಿಗೆ ಲೋಹದ ಮೂಳೆ, ಲೋಹದ ಕೀಲು ಕೂರಿಸೋದು. ಎಲ್ಲರೂ ಮೊದಲು ನೋಡೋದು ಅದನ್ನೇ. ಇನ್ನೊಂದು, ಮೊಣಕಾಲು ತೆಗೆದು ಕೆಳಗಿನ ಕಾಲನ್ನ ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಸೇರಿಸ್ತಾರೆ. ಪಾದದ ಕೀಲೇ ಮೊಣಕಾಲಿನ ಕೆಲಸ ಮಾಡುತ್ತೆ, ಅದಕ್ಕೆ ಕೃತಕ ಕಾಲು ಹಾಕ್ಕೋಬೇಕು. ಅದನ್ನ ಹೆಚ್ಚಾಗಿ ಬೆಳೆಯೋ ಮಕ್ಕಳಿಗೆ ಮಾಡ್ತಾರೆ. ಮೂರನೇದು...”

“ಗೊತ್ತಾಯ್ತು ಬಿಡಿ.” ಅವಳು ಚೀಟಿಯನ್ನು ಕೈಗೆ ತೆಗೆದುಕೊಂಡಳು. “ಚಿತ್ರ ಚೆನ್ನಾಗಿ ಬರೀತೀರಿ ಮಾವ. ಮೂಳೆ ಅಂತ ಗುರುತು ಸಿಗುತ್ತೆ.” ಆಮೇಲೆ ತಲೆ ಎತ್ತದೆಯೇ ಕೇಳಿದಳು, “ನಾಲ್ಕು ತಿಂಗಳ ಹಿಂದೆ ತೆಗೆದಿದ್ರೆ?”

ಈ ಪ್ರಶ್ನೆಗೆ ಅವನು ಹದಿನೈದು ದಿನದಿಂದ ಕಾಯುತ್ತಿದ್ದ. ಯಾರೂ ಕೇಳಿರಲಿಲ್ಲ. ಡಾಕ್ಟರಮ್ಮನನ್ನು ಅವನೇ ಒಂಟಿಯಾಗಿ ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸುತ್ತ, “ಚಿಕ್ಕದಿರ್ತಿತ್ತು. ಅದರಿಂದ ಎಷ್ಟು ವ್ಯತ್ಯಾಸ ಆಗ್ತಿತ್ತು ಅಂತ ನಾನು ಹೇಳಲಾರೆ. ಯಾರೂ ಹೇಳಲಾರರು,” ಎಂದಿದ್ದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತ್ತು ಅವನಿಗೆ.

“ಚಿಕ್ಕದಿರ್ತಿತ್ತು,” ಎಂದ. “ತಪ್ಪು ನಂದು. ಮಲಗಿದಾಗ ನೋಯುತ್ತೆ ಅಂತ ನೀನು ಹೇಳಿದ ದಿನವೇ ನಾನು ಕರ್ಕೊಂಡು ಬರಬೇಕಿತ್ತು.”

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅಷ್ಟರಲ್ಲಿ ಅಕ್ಕ ಟೀ ತಂದಳು. ಮೂರು ಲೋಟವೂ ತಣ್ಣಗಾಗುವವರೆಗೆ ಯಾರೂ ಮುಟ್ಟಲಿಲ್ಲ.

ಅವತ್ತೇ ಅವನು ಮೆಟ್ಟಿಲ ಬಳಿ ಅಕ್ಕನಿಗೂ ಹೇಳಿದ. ಮಗಳಿಗೆ ಎಲ್ಲ ಗೊತ್ತಾಗಿದೆ ಎಂದ. ಮೊದಲೇ ಚಿತ್ರ ತೆಗೆಯಬೇಕಿತ್ತು ಎಂದ. ಅಕ್ಕ ಅವನ ಮುಖವನ್ನೇ ನೋಡಿದಳು. ಅಳಲಿಲ್ಲ, ಕೂಗಾಡಲಿಲ್ಲ. “ಎಷ್ಟು ಸಲ ಕೇಳಿದ್ದೆನೋ ನಿನ್ನ,” ಎಂದಳು ಅಷ್ಟೇ. ಅದಾದ ಮೇಲೆ ಅವನೊಂದಿಗೆ ಮಾತು ಬಿಟ್ಟಳು. ವಾರ್ಡಿನೊಳಗೆ ಅವನು ಬಂದರೆ ಇವಳು ಹೊರಗೆ ಹೋಗುವಳು.

ಕೀಮೋ ಹೇಳಿದ್ದಕ್ಕಿಂತ ಕ್ರೂರವಾಗಿತ್ತು. ಕೆಂಪು ಔಷಧಿ ಹಾಕಿದ ದಿನ ಮೂತ್ರವೂ ಕೆಂಪಾಗಿ ಅವಳು ಹೆದರಿದಳು. ಬಾಯಿಯ ಹುಣ್ಣಿಗೆ ನೀರೂ ಉರಿಯುತ್ತಿತ್ತು. ರಕ್ತದ ಬಿಳಿ ಕಣಗಳು ಇಳಿದು ಜ್ವರ ಬಂದು, ಎರಡು ಸಲ ಬೇರೆ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಮಾವನೊಡನೆ ಅವಳು ಮತ್ತೆ ಮಾತಾಡಿದ್ದು ಔಷಧಿ ಶುರುವಾದ ಮೂರನೇ ವಾರ, ಕೂದಲು ದಿಂಬಿನ ಮೇಲೆ ಗೊಂಚಲಾಗಿ ಉದುರಿದಾಗ. “ನಿಮಗಿಂತ ನನಗೇ ಬೇಗ ಬೋಳಾಯ್ತಲ್ಲ ಮಾವ. ನಾಚಿಕೆ ಆಗಲ್ವಾ ನಿಮಗೆ?” ಅವನು ನಗಬೇಕೆಂದುಕೊಂಡ. ನಗಲಾಗದೆ ದಿಂಬಿನ ಮೇಲಿನ ಕೂದಲನ್ನು ಆರಿಸತೊಡಗಿದ.

ಹತ್ತು ವಾರ ಕಳೆದು ಮತ್ತೆ ಎಂಆರ್‌ಐ ಮಾಡಿದರು. ಗಡ್ಡೆ ಅಂದುಕೊಂಡಷ್ಟು ಕುಗ್ಗಿರಲಿಲ್ಲ. ಮೊಣಕಾಲಿನ ಹಿಂದೆ ಹೋಗುವ ದೊಡ್ಡ ರಕ್ತನಾಳವನ್ನೂ ನರವನ್ನೂ ಸುತ್ತಿಕೊಂಡಿತ್ತು. ಈ ಸಲ ಡಾಕ್ಟರಮ್ಮ ಮೆಣಸಿನ ಮಂಚದ ಪಕ್ಕದಲ್ಲೇ ಕೂತು ಮಾತಾಡಿದರು. ನರವೂ ಹೋಗುವುದರಿಂದ ಕೆಳಗಿನ ಕಾಲನ್ನು ತಿರುಗಿಸಿ ಸೇರಿಸುವ ದಾರಿಯೂ ಮುಚ್ಚಿದೆ. ಕಾಲು ಉಳಿಸಲು ಹೋದರೆ ಗಡ್ಡೆಯ ಅಂಚು ಒಳಗೇ ಉಳಿಯಬಹುದು, ಉಳಿದರೆ ಮತ್ತೆ ಬೆಳೆಯುತ್ತೆ. ತೊಡೆಯ ಮಧ್ಯದಲ್ಲಿ ಕಾಲು ತೆಗೆಯುವುದೇ ಕ್ಷೇಮ ಎಂದು ಅವರ ಅಭಿಪ್ರಾಯ.

“ಬೇರೆ ಡಾಕ್ಟರ ಹತ್ರ ಹೋಗೋಣ,” ಎಂದಳು ಅಕ್ಕ. “ಬೇರಿನ ಪುಡಿ ಕೊಡೋರು ಒಬ್ಬರಿದ್ದಾರಂತೆ, ಗಡ್ಡೆ ಕರಗುತ್ತಂತೆ. ಹೆಣ್ಣುಮಗಳ ಕಾಲು ಕಣ್ರೀ ಅದು!”

“ಇನ್ನೊಬ್ಬ ಡಾಕ್ಟರನ್ನ ಧಾರಾಳವಾಗಿ ಕೇಳಿ,” ಎಂದರು ಡಾಕ್ಟರಮ್ಮ. “ಚಿತ್ರಗಳನ್ನೆಲ್ಲ ನಾನೇ ಕೊಡ್ತೀನಿ. ಪುಡಿಗೆ ಮಾತ್ರ ದಿನ ಕಳೀಬೇಡಿ.”

ಕೇಳಿದರು. ಬೇರೆ ಊರಿನ ಇನ್ನೊಬ್ಬ ಡಾಕ್ಟರೂ ಅದನ್ನೇ ಹೇಳಿದರು. ಆ ಸಂಜೆ ಅಮ್ಮ ಒಂದು ಕಡೆ, ಮಾವ ಒಂದು ಕಡೆ ನಿಂತಿರುವಾಗ ಮೆಣಸು ಪೆನ್ನು ಕೇಳಿದಳು.

“ಕಾಲು ನಂದು. ನಾಲ್ಕು ತಿಂಗಳು ನಿಮ್ಮಿಬ್ಬರ ಮಾತು ಕೇಳಿದೆ, ಒಬ್ಬರು ಮುಲಾಮು, ಒಬ್ಬರು ಎಣ್ಣೆ. ಇನ್ನು ನನ್ನ ಮಾತು ನೀವು ಕೇಳಿ.” ಅವಳು ಸಹಿ ಹಾಕಿದಳು. ಪೆನ್ನು ವಾಪಸ್ಸು ಕೊಡುವಾಗ ಅದು ಜಾರಿ ಮಂಚದ ಕೆಳಗೆ ಉರುಳಿತು. ಅದನ್ನು ಎತ್ತಿಕೊಡಲು ಬಗ್ಗಿದ ಮಾವ ಮೇಲೇಳಲು ಬಹಳ ಹೊತ್ತು ತೆಗೆದುಕೊಂಡ.

ಕಾಲು ಹೋಯಿತು. ಇಲ್ಲದ ಪಾದದ ಬೆರಳುಗಳು ತಿಂಗಳುಗಟ್ಟಲೆ ನೋಯುತ್ತಿದ್ದವು. “ಇರೋ ಕಾಲು ಸುಮ್ನಿದೆ, ಹೋಗಿರೋದು ರಂಪ ಮಾಡ್ತಿದೆ,” ಎನ್ನುವಳು. ತೆಗೆದ ಗಡ್ಡೆಯನ್ನು ಪರೀಕ್ಷಿಸಿದಾಗ ಔಷಧಿಗೆ ಸತ್ತದ್ದು ನೂರಕ್ಕೆ ಅರವತ್ತು ಪಾಲು ಮಾತ್ರ. ತೊಂಬತ್ತು ದಾಟಿದ್ದರೆ ಚೆನ್ನಾಗಿತ್ತು ಎಂದರು. ಉಳಿದ ಕೀಮೋ ಮುಗಿಸಿ, ಕೃತಕ ಕಾಲು ಕಟ್ಟಿ ನಡೆಯಲು ಕಲಿತು ಅವಳು ಮನೆಗೆ ಬರುವಷ್ಟರಲ್ಲಿ ವರ್ಷವೇ ಸರಿದಿತ್ತು. ಬಟ್ಟೆ ಅಂಗಡಿಯವರು ಗಲ್ಲಾಪೆಟ್ಟಿಗೆಯ ಹತ್ತಿರ ಕುರ್ಚಿ ಹಾಕಿ ಕೆಲಸಕ್ಕೆ ಕರೆದರು. ಅವಳು ಹೋಗತೊಡಗಿದಳು. ಅಕ್ಕ ಮಾತ್ರ ತಮ್ಮನ ಹೊಸಿಲು ತುಳಿಯಲಿಲ್ಲ.

ಮೂರು ತಿಂಗಳಿಗೊಮ್ಮೆ ಎದೆಯ ಸಿಟಿ ಮಾಡಿಸಬೇಕಿತ್ತು. ಮೂರನೆಯ ಸಲದ ರಿಪೋರ್ಟ್ ಬಂದದ್ದು ಒಂದು ಶನಿವಾರ ಸಂಜೆ. ಡಾಕ್ಟರಮ್ಮನನ್ನು ನೋಡಲು ಸೋಮವಾರದವರೆಗೆ ಕಾಯಬೇಕು. ಭಾನುವಾರ ಬೆಳಿಗ್ಗೆ ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕ. ಕೈಯಲ್ಲಿ ಆಸ್ಪತ್ರೆಯ ಉದ್ದನೆಯ ಲಕೋಟೆ.

“ಓದು,” ಎಂದಳು.

“ನಾಳೆ ಡಾಕ್ಟ್ರು...”

“ನಾಳೆವರೆಗೆ ನನ್ನಿಂದ ಆಗಲ್ಲ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೋಗುತ್ತೆ ಅಂತಲೂ ತಿಳ್ಕೋಬೇಡ. ಆದ್ರೆ ಓದಿ ಹೇಳೋಕೆ ನನಗೆ ಬೇರೆ ಯಾರಿದ್ದಾರೆ? ಇದ್ದದ್ದು ಇದ್ದ ಹಾಗೆ ಹೇಳು.”

ಅವನು ಇಸ್ತ್ರಿ ಪೆಟ್ಟಿಗೆ ಆರಿಸಿ, ಕಿಟಕಿಯ ಬೆಳಕಿಗೆ ಹಾಳೆ ಹಿಡಿದ. ಒಮ್ಮೆ ಓದಿದ. ಇನ್ನೊಮ್ಮೆ ಓದಿದ.

“ಬಲಗಡೆ ಶ್ವಾಸಕೋಶದಲ್ಲಿ ಎರಡು ಚುಕ್ಕೆ ಇದೆ ಅಕ್ಕ. ಹೋದ ಸಲ ಇರಲಿಲ್ಲ.”

“ಅಂದ್ರೆ ಅದೇನಾ?”

“ಅದೇ ಇರಬೇಕು. ಎರಡೇ ಇರೋದ್ರಿಂದ ಆಪರೇಷನ್ ಮಾಡಿ ತೆಗೀಬಹುದು. ತೆಗೆದ ಮೇಲೆ ಬಹಳ ವರ್ಷ ಬದುಕಿದೋರೂ ಇದ್ದಾರೆ.” ಅವನು ನಿಲ್ಲಿಸಿದ. ಇದ್ದದ್ದು ಇದ್ದ ಹಾಗೆ ಎಂದಿದ್ದಳಲ್ಲ. “ಎಲ್ಲರೂ ಅಲ್ಲ. ಕಮ್ಮಿ ಜನ.”

ಅಕ್ಕ ಅಲ್ಲೇ ನೆಲದ ಮೇಲೆ ಗೋಡೆಗೊರಗಿ ಕೂತಳು. ಗೋಡೆಯಾಚೆ ಮೆಣಸು ಫೋನಿನಲ್ಲಿ ಯಾರೊಂದಿಗೋ ಜೋರಾಗಿ ನಗುತ್ತಿದ್ದಳು. ಅಂಗಡಿಗೆ ಬಂದ ಯಾವನೋ ಗಿರಾಕಿ ಒಂದೇ ಅಂಗಿಯನ್ನು ಏಳು ಸಲ ಹಾಕಿ ಬಿಚ್ಚಿದ ಕಥೆ. ಆ ಕಥೆ ಮುಗಿಯುವವರೆಗೂ ಇಬ್ಬರೂ ಕದಲಲಿಲ್ಲ.

“ಅವಳಿಗೆ ನಾನು ಹೇಳ್ತೀನಿ,” ಎಂದಳು ಅಕ್ಕ. “ನೀನು ಪಕ್ಕದಲ್ಲಿರು. ನನಗೆ ತಿಳೀದೇ ಇರೋದನ್ನ ಅವಳು ಕೇಳಿದ್ರೆ ನೀನು ಹೇಳು.”

ಅವನು ಕೈ ಚಾಚಿದ. ಅವಳು ಅದನ್ನು ಹಿಡಿಯದೆ, ಗೋಡೆ ಹಿಡಿದುಕೊಂಡು ಎದ್ದಳು. ಇಬ್ಬರೂ ಹೊರಗೆ ಬಂದು, ನಾಲ್ಕು ಹೆಜ್ಜೆ ನಡೆದು, ಪಕ್ಕದ ಬಾಗಿಲು ತಟ್ಟಿದರು.