ತೂಕಡಿಸುವ ಕಂಪ್ಯೂಟರಿಗೆ ಮೂರು ಹಾಡು

ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದ ಅಂತ ಗಾದೆ. ನಾನು ಬಡಗಿಯೇ, ಆದ್ದರಿಂದ ಇದನ್ನು ನನ್ನ ಮುಖಕ್ಕೇ ಹೇಳಿದವರು ಬಹಳ. ಆದರೆ ಕೆಲಸವಿಲ್ಲದ ಕಂಪ್ಯೂಟರ್ ಏನು ಮಾಡುತ್ತದೆ ಅಂತ ಗೊತ್ತಾದದ್ದು ನಮ್ಮಕ್ಕನ ಹಲಗೆ ಯಂತ್ರದ ಮೇಲೆ ಮಲಗಿದ ದಿನ.

ಹಲಗೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಭಯ ನಿಮಗೆ ಅರ್ಥವಾಗುವುದಿಲ್ಲ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ದೋಣಿ ಕಟ್ಟುತ್ತಿದ್ದವರು. ಅವರು ಕಟ್ಟಿದ ಕೊನೆಯ ದೋಣಿಯನ್ನು ಒಡೆದು ಹಾಕಿದಾಗ ಅಕ್ಕ ಒಂದೇ ಒಂದು ಹಲಗೆಯನ್ನು ಹಟ ಹಿಡಿದು ಉಳಿಸಿಕೊಂಡಿದ್ದಳು. ಈಗ ಭಾವನ ಕಣ್ಣು ಹೋಗುತ್ತಿದೆ. ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುತ್ತಾರೆ. ಅವರೇ ಬರೆದ ದೋಣಿಯ ಚಿತ್ರ ಗೋಡೆಯ ಮೇಲೆ ಇದ್ದೂ ಇಲ್ಲದ ಹಾಗೆ. ಆ ಚಿತ್ರವನ್ನು ಆ ಹಲಗೆಯ ಮೇಲೆ ಕೆತ್ತಿಸಿಬಿಟ್ಟರೆ ಬೆರಳಿನಿಂದಲಾದರೂ ನೋಡಿಯಾರು ಅನ್ನುವುದು ಅಕ್ಕನ ಆಸೆ.

ನನ್ನ ಕೈ ಈಗ ನಡುಗುತ್ತದೆ, ಉಳಿ ಹಿಡಿಯಲಾರೆ. ನಮ್ಮ ಕಾರ್ಖಾನೆಯಲ್ಲಿ ಕೆತ್ತುವ ಯಂತ್ರ ನಡೆಸುವುದು ಸೊಸೆ. ಒಂದು ಹಳೆಯ ಕಂಪ್ಯೂಟರ್ ಮೋಟರಿಗೆ ಒಂದೊಂದೇ ಹೆಜ್ಜೆ ಹೇಳಿಕೊಡುತ್ತದೆ, ಮೋಟರ್ ಅಷ್ಟಷ್ಟೇ ಸರಿಯುತ್ತದೆ, ಅಲಗು ಗೆರೆ ಎಳೆಯುತ್ತದೆ. ಚೂರುಪಾರು ಮರದ ಮೇಲೆ ಅವಳು ಆ ದೋಣಿಯನ್ನು ಎಷ್ಟೋ ಸಲ ಕೆತ್ತಿ ನೋಡಿದ್ದಳು. ಪ್ರತಿ ಸಲವೂ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಂದಿತ್ತು. ಆಗೆಲ್ಲ ಅದೇ ಕಂಪ್ಯೂಟರಿನಲ್ಲಿ ನನ್ನ ಹಳೆಯ ಸಿನಿಮಾ ಹಾಡುಗಳು ಚಿತ್ರಸಮೇತ ಓಡುತ್ತಿದ್ದವು. ಹಾಡಿಲ್ಲದೆ ನನಗೆ ಮರದ ಧೂಳು ಗಂಟಲಿಗೆ ಇಳಿಯುವುದಿಲ್ಲ.

ಅಕ್ಕ ಬಂದವಳೇ ಕುರ್ಚಿ ಎಳೆದುಕೊಂಡು ಕೂತಳು. ಮೊದಲು ಹಾಡಿನ ಮೇಲೆ ಬಿದ್ದಳು.

"ಆ ಅರಚಾಟ ನಿಲ್ಲಿಸೋ. ಅವರು ದೋಣಿ ಕಟ್ಟೋವಾಗ ಯಾರಾದ್ರೂ ಕೆಮ್ಮಿದ್ರೂ ಬೈತಿದ್ರು."

ಸೊಸೆಗೂ ಅದು ಸರಿ ಅನ್ನಿಸಿತು. ಕಂಪ್ಯೂಟರಿಗೆ ಹೊರೆ ಕಡಿಮೆಯಾದಷ್ಟೂ ಒಳ್ಳೆಯದು ಅಂತ ಹಾಡು, ಪರದೆಯ ಮೇಲೆ ತೆರೆದಿದ್ದ ಇನ್ನೇನೇನೋ, ಎಲ್ಲ ಮುಚ್ಚಿದಳು. ಹಲಗೆ ಬಿಗಿದು ಅಲಗು ಇಳಿಸಿದಳು.

ದೋಣಿಯ ತಳದ ಗೆರೆ ಚೆನ್ನಾಗಿಯೇ ಬಂತು. ಹೊಟ್ಟೆಯ ತಿರುವಿಗೆ ಬಂದಾಗ ಝೇಂ ಅನ್ನುತ್ತಿದ್ದ ಮೋಟರ್ ಒಮ್ಮೆ ಕೊಕ್ ಅಂದಿತು. ಬಿಕ್ಕಳಿಸಿದ ಹಾಗೆ. ಸೊಸೆಯ ಕೈ ತಾನೇ ತಾನಾಗಿ ತಡೆಯುವ ಗುಂಡಿ ಒತ್ತಿತ್ತು. ಬಗ್ಗಿ ನೋಡಿದರೆ ಗೆರೆಯ ಅಂಚಿನಲ್ಲಿ ಸಣ್ಣ ಕಚ್ಚು.

ಏನಾಯಿತು ಅಂತ ಅಕ್ಕ ಕೇಳಿದಳು. ಏನಿಲ್ಲ ಅಂದಳು ಸೊಸೆ, ಮುಖ ಮಾತ್ರ ಸುಣ್ಣ. ವೈರು ಅಲುಗಿಸಿದಳು, ಬೋಲ್ಟು ಮುಟ್ಟಿದಳು, ಅಲಗು ನೋಡಿದಳು. ಎಲ್ಲ ಸರಿಯಾಗಿತ್ತು. ಅಲಗನ್ನು ಮೇಲೆತ್ತಿ, ಶುರು ಮಾಡಿದ ಮೂಲೆಯ ಚುಕ್ಕಿಗೆ ಮೆಲ್ಲಗೆ ತಂದಳು. ಚುಕ್ಕಿಯ ಮೇಲೇ ಕೂತಿತು. ಲೆಕ್ಕ ತಪ್ಪಿಲ್ಲ, ಬರೀ ಎಡವಿದೆ. ಹೋದ ಜೀವ ಅರ್ಧ ಬಂತು. ಉಳಿದರ್ಧ ಎಲ್ಲಿಂದ ಬರಬೇಕು? ಯಾಕೆ ಎಡವಿತು ಅಂತ ತಿಳಿಯದೆ ಮುಂದೆ ಹೋಗುವ ಹಾಗಿಲ್ಲ. ಇನ್ನೊಂದು ಕೊಕ್ ಅಂದರೆ ದೋಣಿಯ ಹೊಟ್ಟೆಯೇ ಸೀಳುತ್ತದೆ, ಮತ್ತೊಂದು ಹಲಗೆ ಈ ಭೂಮಿಯ ಮೇಲಿಲ್ಲ.

"ಹಾಳಾದ್ರೆ ಹೇಳಿಬಿಡೇ," ಅಂದಳು ಅಕ್ಕ. ದನಿಯಲ್ಲಿ ಬೈಗುಳವಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. "ಹಲಗೆ ಏನಾಯ್ತು ಅಂತ ಅವರು ದಿನಾ ಕೇಳ್ತಾರೆ."

ನಿನ್ನೆಯವರೆಗೂ ಇಲ್ಲದ್ದು ಇವತ್ತೇನು ಬಂತು ಅಂತ ನಾನು ಸೊಸೆಯನ್ನು ಕೇಳಿದೆ.

"ಏನೂ ಬಂದಿಲ್ಲ ಮಾವ. ಎಲ್ಲಾ ಮುಚ್ಚಿದೀನಿ, ಅಷ್ಟೇ." ಅಂದವಳು ತನ್ನ ಮಾತು ಕೇಳಿ ತಾನೇ ನಿಂತುಬಿಟ್ಟಳು.

ಪರದೆಯ ಮೇಲೆ ಏನೋ ತೆರೆದಳು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ವೇಗ ತೋರಿಸುವ ಗೆರೆ ಅದಂತೆ. ತಳಕ್ಕೆ ಬಿದ್ದುಕೊಂಡಿತ್ತು. ಮೌಸ್ ಅಲ್ಲಾಡಿಸಿದರೆ ಚಂಗನೆ ಮೇಲೆದ್ದಿತು, ಬಿಟ್ಟರೆ ಮತ್ತೆ ಮಲಗಿತು. ಅವಳು ವಿವರಿಸಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ಕರೆಂಟು ಉಳಿಯಲಿ ಅಂತ, ಕೆಲಸ ಕಡಿಮೆಯಾದ ಕೂಡಲೇ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಗಿರಾಕಿ ಇಲ್ಲದ ಅಂಗಡಿಯಲ್ಲಿ ಕೂತವನು ತೂಕಡಿಸುವ ಹಾಗೆ. ಮೋಟರಿಗೆ ಹೆಜ್ಜೆ ಹೇಳುವುದು ಎಷ್ಟು ಸಣ್ಣ ಕೆಲಸವೆಂದರೆ ಅದನ್ನು ಕೆಲಸ ಅಂತಲೇ ಅದು ಎಣಿಸುವುದಿಲ್ಲ. ತೂಕಡಿಸಿ ಕಣ್ಣು ಬಿಡುವಷ್ಟರಲ್ಲಿ ಒಂದು ಹೆಜ್ಜೆ ತಡವಾಯಿತು. ಅದೇ ಆ ಕೊಕ್. ಇಷ್ಟು ದಿನ ನನ್ನ ಹಾಡೂ ಪರದೆಯ ಮೇಲೆ ತೆರೆದಿದ್ದ ಮಿಕ್ಕದ್ದೂ ಸೇರಿ ಅದಕ್ಕೆ ನಿದ್ದೆ ಬಾರದ ಹಾಗೆ ನೋಡಿಕೊಂಡಿದ್ದವು.

ಆ ತೂಕಡಿಕೆಯನ್ನೇ ತೆಗೆದುಹಾಕು ಅಂದೆ. ತೆಗೆಯಬಹುದು, ಆದರೆ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಬೇಕಂತೆ. ಆರಿಸಿದರೆ ಮೋಟರ್ ಹಿಡಿತ ಬಿಡುತ್ತದೆ.

"ಆಮೇಲೆ ಕೂದಲೆಳೆ ತಪ್ಪದೆ ಇಲ್ಲಿಗೇ ತರೋಕೆ ನನಗೆ ಧೈರ್ಯ ಇಲ್ಲ ಮಾವ. ಹಾಡೇ ಹಾಕ್ತೀನಿ."

ಒಂದು ಹಾಡು ಹಾಕಿದಳು. ಪರದೆಯ ಗೆರೆ ಎದ್ದಿತು, ಆದರೆ ನಡುನಡುವೆ ಜೋಲಿ ಹೊಡೆಯಿತು. ಎರಡನೆಯದು ಹಾಕಿದಳು, ಮೂರನೆಯದೂ ಹಾಕಿದಳು. ಆಗ ಗೆರೆ ಮೇಲೆಯೇ ನಿಂತಿತು. ಒಂದರಲ್ಲಿ ವಿರಹ, ಒಂದರಲ್ಲಿ ಕುಣಿತ, ಒಂದರಲ್ಲಿ ಯಾರೋ ಸಾಯುತ್ತಿದ್ದಾರೆ, ಮೂರೂ ಒಟ್ಟಿಗೆ. ದನಿ ಕಡಿಮೆ ಮಾಡಬಹುದಿತ್ತು ಅಂತ ಈಗ ನೀವು ಹೇಳುತ್ತೀರಿ. ಆ ಹೊತ್ತಿಗೆ ಏನನ್ನೂ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಅಲಗು ಮತ್ತೆ ಇಳಿಯಿತು. ಸೊಸೆಯ ಒಂದು ಕಣ್ಣು ಪರದೆಯ ಗೆರೆಯ ಮೇಲೆ, ಒಂದು ಕಣ್ಣು ಅಲಗಿನ ಮೇಲೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲೆಲ್ಲ ನಾವು ಮೂವರೂ ಉಸಿರು ಕಟ್ಟಿಕೊಂಡೆವು. ಕೆಮ್ಮಿಗೂ ಬೈಯುವ ಮನೆಯವಳು ಆ ಸಂತೆಯ ನಡುವೆ ಕಿವಿಯನ್ನೂ ಮುಚ್ಚಿಕೊಳ್ಳದೆ, ಮಡಿಲಲ್ಲಿ ಚೀಲ ಹಿಂಡುತ್ತ ಕೂತಿದ್ದಳು. ಹೊಟ್ಟೆ ದಾಟಿತು, ಮೂತಿ ಮೂಡಿತು, ಅಲಗು ಮೇಲೆದ್ದಿತು. ಮತ್ತೆ ಕೊಕ್ ಅನ್ನಲಿಲ್ಲ.

ಆ ಕಚ್ಚನ್ನು ಉಜ್ಜಿ ಅಳಿಸಿಬಿಡೋಣ ಅಂದಳು ಅಕ್ಕ. ಉಜ್ಜಿದರೆ ಗೆರೆಯೇ ಸವೆಯುತ್ತದೆ, ಬೇಡ ಅಂದೆ. ಹಲಗೆಯನ್ನು ಹಾಗೇ ಮನೆಗೆ ಒಯ್ದು ಭಾವನ ತೊಡೆಯ ಮೇಲಿಟ್ಟೆವು. ಅವರು ಮೊದಲು ಮೂಸಿ ನೋಡಿದರು. ಆಮೇಲೆ ಹೆಬ್ಬೆರಳು ತಳದಿಂದ ಹೊರಟು ತಿರುವಿಗೆ ಬಂತು, ಅಲ್ಲಿ ನಿಂತಿತು. ಹಿಂದೆ ಹೋಗಿ ಮತ್ತೆ ಬಂತು.

"ಇಲ್ಲಿ ಯಾರೋ ಹೆದರಿದ್ದಾರೆ," ಅಂದರು.

ಸೊಸೆ ಬಾಯಿ ತೆರೆಯುವುದರೊಳಗೆ ಅಕ್ಕ ಅಂದಳು, "ನಾನೇ ರೀ. ನಾನೇ ಹಾಡು ನಿಲ್ಲಿಸಿದ್ದು."

ಭಾವನಿಗೆ ಏನು ಅರ್ಥವಾಯಿತೋ ಬಿಟ್ಟಿತೋ. ಹೆಬ್ಬೆರಳು ಕಚ್ಚು ದಾಟಿ ಹೊಟ್ಟೆಯುದ್ದಕ್ಕೂ ಸಾಗಿ ಮೂತಿಯ ತುದಿಗೆ ಮುಟ್ಟಿತು.

"ಮುಂದೆ ಎಲ್ಲೂ ಹೆದರಿಲ್ಲ," ಅಂದರು. ಮತ್ತೆ ತಳದಿಂದ ಶುರು ಮಾಡಿದರು.