ಲಾರಿಯಲ್ಲಿ ಬಂದ ಮನೆಗೆ ಗೌಂಡಿ ಯಾರು?

೧

ಎಲ್ಲಿಂದ ಶುರುಮಾಡಲಿ? ವಾಸನೆಯಿಂದ ಶುರುಮಾಡುವುದು ವಯಸ್ಸಾದವರ ಚಾಳಿ. ನನಗೂ ವಯಸ್ಸಾಗಿದೆ, ಆಗಲಿ.

ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟತೊಡಗಿದರೆ ಅದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಮಣ್ಣಿಗೆ ಹೊಟ್ಟು ಬೆರೆಸಿ, ನೀರು ಸುರಿದು, ತುಳಿದು, ಎಂಟು ದಿನ ಕೊಳೆಯಲು ಬಿಡುತ್ತಿದ್ದರು. ಆ ನಾತ! ಹುಳಿಹಿಟ್ಟು, ಸಗಣಿ, ಕೆರೆಯ ದಂಡೆ ಮೂರೂ ಕೂಡಿದ ಹಾಗೆ. ಹೊಸ ಮನೆ ಎಂದರೆ ನನಗೆ ಇವತ್ತಿಗೂ ಅದೇ.

(ಓದುಗರೇ, ಮೂಗು ಮುಚ್ಚಿಕೊಳ್ಳಬೇಡಿ. ಈ ಕಥೆಯ ಮನೆ ಲಾರಿಯಲ್ಲಿ ಬಂದದ್ದು. ಅದಕ್ಕೆ ಆ ನಾತವಿಲ್ಲ. ಇಲ್ಲವೆಂದೇ ನಾನೂ ತಿಳಿದಿದ್ದೆ.)

೨

ಮೊದಲ ಕರಡು: "ತಿರ್ಲಾಪುರದಲ್ಲಿ ದುರಗವ್ವ ಎಂಬ ಬಡ ಹೆಂಗಸಿದ್ದಳು." ಹರಿದುಹಾಕಿದೆ. ದುರಗವ್ವ ಒಪ್ಪಲಿಲ್ಲ.

"ಅಕ್ಕಾರ, ಬಡ ಹೆಂಗಸು ಅಂತ ಬರಿಯೂದಾದ್ರ ನಾ ನಿಮ್ಮ ಕಥಿಯಾಗ ಬರಂಗಿಲ್ರಿ. ಕಾಲುವಿ ಕ್ಯಾಂಪಿನ್ಯಾಗ ಮೂರು ವರ್ಷ ನಲವತ್ತು ಮಂದಿಗೆ ರೊಟ್ಟಿ ಬಡದು ಹಾಕೀನಿ. ಅದನ್ನ ಬರೀರಿ."

ಬರೆದೆ. ಕಾಲುವೆಯ ಕೆಲಸ ಮುಗಿದಾಗ ಕ್ಯಾಂಪಿಗೆ ಒಂದು ಮನೆ ಹೆಚ್ಚಾಗಿ ಬಂದಿತ್ತು. ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ ತಯಾರಾದದ್ದು: ತಗಡಿನ ಗೋಡೆ ಆರು, ಬಾಗಿಲು ಒಂದು, ಕಿಟಕಿ ಎರಡು, ನಟ್ಟು ಬೋಲ್ಟು ಒಂದು ಚೀಲ. ಹೊರಡುವ ಮುನ್ನ ಎಂಜಿನಿಯರು ಒಂದು ಕಾಗದ ಬರೆದು ಆ ಮನೆಯನ್ನು ದುರಗವ್ವನಿಗೆ ಕೊಟ್ಟರು. ಲಾರಿ ಅದನ್ನು ತಿರ್ಲಾಪುರಕ್ಕೆ ತಂದು ಇಳಿಸಿತು. ಮುಂಜಾನೆ ಬಯಲಾಗಿದ್ದ ಜಾಗದಲ್ಲಿ ಸಂಜೆಗೆ ಮನೆ ನಿಂತಿತ್ತು.

೩

ಈಗ ನಾನು ಬರುತ್ತೇನೆ. ಮಹಾದೇವಕ್ಕ, ಶಾಲೆಯ ಶಿಕ್ಷಕಿ. ಎಂಬತ್ತರ ದಶಕದ ಒಂದು ಬೇಸಿಗೆ ರಜೆ. ಆ ವರ್ಷ ದೇಶದಲ್ಲಿ ಎಷ್ಟು ಹೊಸ ಮನೆ ಕಟ್ಟಿದ್ದಾರೆ ಎಂದು ಸರಕಾರಕ್ಕೆ ತಿಳಿಯಬೇಕಿತ್ತು. ಸರಕಾರಕ್ಕೆ ಏನಾದರೂ ತಿಳಿಯಬೇಕಾದರೆ ಶಿಕ್ಷಕರ ರಜೆ ಹೋಗುತ್ತದೆ.

ಫಾರ್ಮಿನಲ್ಲಿ ಕಾಲಂಗಳಿದ್ದವು. ಗೋಡೆ: ಮಣ್ಣೋ, ಕಲ್ಲೋ, ಇಟ್ಟಂಗಿಯೋ? ಬುನಾದಿ ಹಾಕಿದ ದಿನ? ಗೋಡೆ ಕಟ್ಟಿದ ಗೌಂಡಿಯ ಹೆಸರು? ಕೊನೆಯದು: ಈ ಮನೆಯ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವವರು ಎಷ್ಟು ಮಂದಿ?

ದುರಗವ್ವನಿಗೆ ದೇಶದ ಚಿಂತೆ ಇರಲಿಲ್ಲ. ಫಾರ್ಮಿಗೆ ಏರಿದ ಮನೆಗೆ ಪಂಚಾಯಿತಿ ನಂಬರು ಕೊಡುತ್ತದೆ. ನಂಬರಿದ್ದರೆ ಅವಳದೇ ರೇಷನ್ ಕಾರ್ಡು. ಇಲ್ಲದಿದ್ದರೆ ಮೈದುನನ ಕಾರ್ಡಿನ ಕೊನೆಯ ಹೆಸರಾಗಿ, ತಿಂಗಳು ತಿಂಗಳು ತನ್ನ ಪಾಲಿನ ಸಕ್ಕರೆಗೆ ನೆಗೆಣ್ಣಿಯ ಬಾಗಿಲಲ್ಲಿ ನಿಲ್ಲಬೇಕು.

೪

(ಕಥೆಯ ಈ ನಾಲ್ಕನೆಯ ನಂಬರು ತಪ್ಪಿ ಒಂದು ದನದ ಕೊಟ್ಟಿಗೆಗೆ ಹೋಯಿತು. ಎಣಿಕೆಯ ಕೆಲಸದಲ್ಲಿ ಇಂಥದ್ದು ಆಗುತ್ತಿರುತ್ತದೆ.)

೫

ನನ್ನ ಮೇಲಿನವರು ಶಂಭುಲಿಂಗಪ್ಪನವರು. ಎಲ್ಲ ಕಾಲಂ ತುಂಬಿದ ಮೇಲೆ ಸಹಿ ಹಾಕುವವರು ಅವರೇ. ಅವರನ್ನು ಖಳನಾಯಕನನ್ನಾಗಿ ಮಾಡಿದರೆ ಕಥೆ ಸಲೀಸಾಗಿ ಓಡುತ್ತದೆ. ಆದರೆ ಬಿಸಿಲಿನಲ್ಲಿ ನಡೆಯುವಾಗ ತಮ್ಮ ಕೊಡೆಯನ್ನು ನನ್ನ ಕಡೆಗೇ ಹೆಚ್ಚು ವಾಲಿಸಿ ಹಿಡಿಯುವವರನ್ನು ಖಳನಾಯಕ ಮಾಡುವುದು ಹೇಗೆ?

ಅವರು ದುರಗವ್ವನ ಮನೆಯ ಗೋಡೆಯನ್ನು ಬೆರಳಿನಿಂದ ಬಡಿದರು. ಡಣ್ ಎಂದಿತು.

"ಟೀಚರ್ರ, ಇದು ಬರೂದಿಲ್ಲ. ಕಟ್ಟಿದ್ದಲ್ಲ, ಜೋಡಿಸಿದ್ದು. ಕಾರ್ಖಾನಿಯವರು ಇದನ್ನ ಆಗಲೇ ತಮ್ಮ ಮಾಲಿನ್ಯಾಗ ಲೆಕ್ಕ ಹಿಡದಿರ್ತಾರ. ನಾವೂ ಹಿಡದ್ರ ಒಂದು ಮನಿ ಎರಡಾಗತೈತಿ."

"ಆಗ್ಲಿ ಬಿಡ್ರಿ," ಎಂದೆ. "ದೇಶಕ್ಕ ಮನಿ ಕಡಿಮಿ ಅದಾವು."

ಅವರು ನಗಲಿಲ್ಲ. ಒಳಗಿನಿಂದ ದುರಗವ್ವ ಅಂದಳು: "ಸಾಹೇಬ್ರ, ತೊಟ್ಟಿಲಾ ಕಲಘಟಗ್ಯಾಗ ಮಾಡ್ತಾರ. ನಮ್ಮೂರಾಗ ಅದರಾಗ ಮಲಗಿದ ಕೂಸು ಯಾ ಊರಿಂದ್ರಿ?"

"ಕೂಸಿಗೆ ಬ್ಯಾರೆ ಫಾರ್ಮ್ ಐತಿ, ತಂಗಿ," ಎಂದು ಶಂಭುಲಿಂಗಪ್ಪನವರು ಗಂಭೀರವಾಗಿಯೇ ಉತ್ತರಿಸಿದರು. "ಈ ಮನಿಗೆ ಬುನಾದಿ ಇಲ್ಲ, ಗೌಂಡಿ ಇಲ್ಲ. ಎರಡು ಕಾಲಂ ಖಾಲಿ ಬಿಟ್ರ ನಾ ಸಹಿ ಹೆಂಗ ಹಾಕ್ಲಿ?"

ಹೀಗೆನ್ನುತ್ತಾ, ಒಳಗಿನ ನೆಲವನ್ನಾದರೂ ನೋಡೋಣವೆಂದು ಕಾಲಿಟ್ಟರು. ಎಡವಿದರು. ಕೊಡೆ ಒಂದು ಕಡೆ, ಚಪ್ಪಲಿ ಒಂದು ಕಡೆ.

ಕಾರ್ಖಾನೆಯ ಮನೆಗೆ ಹೊಸ್ತಿಲು ಇರುವುದಿಲ್ಲ. ಇಲ್ಲಿ ಇತ್ತು.

೬

"ಹೊಸ್ತಲಾ ಇಲ್ಲದ ಮನ್ಯಾಗ ಮಲಗೂದು ಹೆಂಗ್ರಿ?" ದುರಗವ್ವ ಅವರ ಚಪ್ಪಲಿಯನ್ನು ನೇರ ಮಾಡಿ ಇಡುತ್ತ ಹೇಳಿದಳು. "ಎಂಟು ದಿನ ಹೊರಗ ಮಲಗೀನಿ. ಬೇವಿನ ತುಂಡು ತಂದು, ನಾನ ಕೂಡ್ರಿಸಿದೆ."

ಶಂಭುಲಿಂಗಪ್ಪನವರ ಕಾಲು ತಾಗಿ ಹೊಸ್ತಿಲಿನ ಒಂದು ತುದಿ ಅಲುಗಾಡಿತ್ತು, ಮಣ್ಣು ಬಿರುಕು ಬಿಟ್ಟಿತ್ತು. ಅವರು ಕುಕ್ಕರಗಾಲಲ್ಲಿ ಕುಳಿತು ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸತೊಡಗಿದರು. ಆಗ ಬಂತು ಆ ನಾತ. ಹುಳಿಹಿಟ್ಟು, ಸಗಣಿ, ಕೆರೆಯ ದಂಡೆ.

"ಎಷ್ಟು ದಿನ ಕೊಳೀ ಹಾಕಿದ್ದಿ ಬೇ, ಮಣ್ಣು?" ಎಂದೆ.

"ಎಂಟ ದಿನಾರಿ. ಅದಕ್ಕ ಹೊರಗ ಮಲಗಿದ್ದು."

ನಾನು ಬರೆದೆ. ಬುನಾದಿ: ಹೊಸ್ತಿಲು ಕೂಡಿಸಿದ ದಿನ. ಗೌಂಡಿಯ ಹೆಸರು: ದುರಗವ್ವ.

"ಒಂದು ಹೊಸ್ತಲಕ್ಕ ಇಡೀ ಮನಿ ಬರೀತೀರೇನ್ರಿ?" ಎಂದರು ಶಂಭುಲಿಂಗಪ್ಪನವರು.

"ಮತ್ತೇನು ಬರೀಲ್ರಿ? ಸಾಹೇಬ್ರು ಸಾಮಾನು ಎಡವಿ ಬಿದ್ರು ಅಂತ ಬರೀಲೋ?"

೭

ಇಲ್ಲಿ ಕಥೆಗೆ ಮುಕ್ತಾಯ ಬೇಕಂತೆ. ಹಲವು ಸಿದ್ಧವಾಗಿವೆ, ಬೋಲ್ಟು ಬಿಗಿದರೆ ಸಾಕು.

ಅ) ಶಂಭುಲಿಂಗಪ್ಪನವರು ನಕ್ಕು ಸಹಿ ಮಾಡುತ್ತಾರೆ, ಕಾರ್ಡು ಬರುತ್ತದೆ, ದುರಗವ್ವ ಕಣ್ಣೊರೆಸಿಕೊಳ್ಳುತ್ತಾಳೆ. ("ನಾ ಅಳಂಗಿಲ್ರಿ," ಎನ್ನುತ್ತಾಳೆ ದುರಗವ್ವ. "ಇದು ಕಾರ್ಖಾನಿ ಮಾಲು.")

ಆ) ಸಹಿಯಾದ ಫಾರ್ಮನ್ನು ಮೇಲಿನ ಕಚೇರಿಯಲ್ಲಿ ಯಾರೋ ಕೆಂಪು ಶಾಯಿಯಿಂದ ಹೊಡೆದುಹಾಕುತ್ತಾರೆ. (ದುಃಖದ ಕಥೆಗೆ ಬೆಲೆ ಹೆಚ್ಚು. ಆದರೂ ಬೇಡ.)

ಇ) ಹತ್ತು ವರ್ಷದ ನಂತರ ನಾನು ಅಲ್ಲಿಗೆ ಹೋಗುತ್ತೇನೆ... (ಹೋಗಿಲ್ಲ. ಮುಂದಿನ ತಿಂಗಳೇ ನನಗೆ ಬೇರೆ ತಾಲೂಕಿಗೆ ವರ್ಗವಾಯಿತು.)

ಅದಕ್ಕೇ ನಾನು ಅವತ್ತಿನ ಮಧ್ಯಾಹ್ನವನ್ನು ದಾಟಿ ಮುಂದೆ ಹೋಗುವುದಿಲ್ಲ.

ಕೊನೆಯ ಕಾಲಂ ಒಂದೇ ಉಳಿದಿತ್ತು. ಈ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವವರು? "ಒಂದು" ಎಂದು ಬರೆಯಲು ಪೆನ್ನು ಊರಿದ್ದೆ. ದುರಗವ್ವ ಒಳಗೆ ಹೋಗಿ ಬಂದಳು. ಕೈಯಲ್ಲಿ ಎರಡು ಬಟ್ಟೆಯ ಗಂಟು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ವಾಸನೆ. ಆ ಕಾಲದಲ್ಲಿ ಅವಳ ಕೇರಿಗೆ ಬಂದ ನಮ್ಮ ಜಾತಿಯ ಮಂದಿ ನೀರನ್ನೂ ಮುಟ್ಟದೆ ಹೋಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. "ತಗೋರಿ" ಎಂದೂ ಅನ್ನಲಿಲ್ಲ ಅವಳು.

ನಾನು ಬರೆಯದೆ ಪೆನ್ನು ಎತ್ತಿದೆ. ಒಂದು ಗಂಟು ನನ್ನ ಕೈಗೆ ಬಂತು. ಇನ್ನೂ ಬಿಸಿಯಾಗಿತ್ತು.

ಶಂಭುಲಿಂಗಪ್ಪನವರ ಹೆಬ್ಬೆರಳಿಗೆ ಮಣ್ಣು ಅಂಟಿತ್ತು. ಅದನ್ನು ಧೋತರಕ್ಕೆ ಒರೆಸಿಕೊಂಡು ಅವರು ಕೈ ಮುಂದೆ ಚಾಚಿದರು. ಸಹಿಗಾಗಿ ನನ್ನ ಪೆನ್ನಿಗೋ, ಗಂಟಿಗೋ, ನಾನು ಬರೆಯುವುದಿಲ್ಲ. ದುರಗವ್ವ ಹೊಸ್ತಿಲ ಒಳಗೇ ನಿಂತು, ಎರಡನೆಯ ಗಂಟನ್ನು ಆ ಕೈಯ ಮೇಲೆ ಮೆಲ್ಲಗೆ ಇಟ್ಟಳು.