ಇಬ್ಬರ ಕಂಬಳಿ

ಮಹಾಬಳೇಶ್ವರಕ್ಕೆ ಹೋಗುವುದೆಂದು ಸಾಸ್ತೂರದ ಮಾಣಿಕಮ್ಮ ಮತ್ತು ಆಕೆಯ ಗೆಳತಿ ಸರುಬಾಯಿ ನಿಶ್ಚಯ ಮಾಡಿ ಎರಡು ವರ್ಷವಾಗಿತ್ತು. ಉಮರ್ಗಾದಿಂದ ಸೋಲಾಪುರ, ಅಲ್ಲಿಂದ ಸಾತಾರಾ, ಆಮೇಲೆ ಘಾಟು. ಎಲ್ಲಿ ಬಸ್ಸು ಬದಲಿಸಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು ಎನ್ನುವುದೂ ಗೊತ್ತುಮಾಡಿಯಾಗಿತ್ತು. ಜನ್ಮವೆಲ್ಲ ಕುರಿ ಹಿಂದೆ ಬಯಲಲ್ಲಿ ನಡೆದ ಮಾಣಿಕಮ್ಮನಿಗೆ ಇದ್ದದ್ದು ಒಂದೇ ಆಸೆ. ಗದ್ದಲವಿಲ್ಲದ ಬೆಟ್ಟದ ತುದಿಗೆ ಕುಳಿತು, ಕಾಲ ಕೆಳಗೆ ಮೋಡ ಹೋಗುವುದನ್ನು ನೋಡಬೇಕು. ಇಷ್ಟು ದಿನ ಮೋಡವನ್ನು ಆಕೆ ಕತ್ತೆತ್ತಿಯೇ ನೋಡಿದ್ದಳು.

"ಒಬ್ಬಾಕಿ ಮೊದಲ ನೋಡಬಾರದು. ಕೂಡೇ ನೋಡಬೇಕು ನೋಡ ಅಕ್ಕಾ," ಎಂದವಳು ಸರುಬಾಯಿಯೇ. ಬೀರಪ್ಪನ ಗುಡಿಯಲ್ಲಿ ಇಬ್ಬರೂ ಭಂಡಾರ ಮುಟ್ಟಿ, ಆ ಅರಿಶಿನಪುಡಿಯನ್ನು ಒಬ್ಬರ ಹಣೆಗೊಬ್ಬರು ಹಚ್ಚಿದ್ದರು. ಭಂಡಾರ ಮುಟ್ಟಿದ ಮೇಲೆ ಅವರ ಜನರಲ್ಲಿ ಮಾತು ತಿರುಗುವುದಿಲ್ಲ.

ಘಾಟಿನ ಥಂಡಿಗೆಂದು ಮಾಣಿಕಮ್ಮ ತಾನೇ ಉಣ್ಣೆ ನೂತು, ಇಬ್ಬರಿಗೂ ಸಾಲುವಷ್ಟು ಅಗಲದ ಕಂಬಳಿ ನೇಯಿಸಿದಳು. ನೇಯುವ ಧೂಳಪ್ಪ ನಕ್ಕಿದ್ದ: "ಏನ ಮಾಣಿಕಮ್ಮಾ, ಇದು ಕಂಬಳಿನೋ, ಲಗ್ನದ ಹಂದರೋ?"

ಹೋದ ವಾರ ಸರುಬಾಯಿ ಬಂದಳು. "ಅಕ್ಕಾ, ನಿಲಂಗಾ ಊರಿಗಿ, ಮಗಳು ಮನಿಷಾನ ಮನಿಗಿ ಹೊಂಟೀನಿ. ಥಂಡಿ ಭಾಳ ಅದ. ನಾಕ ದಿನ ಕಂಬಳಿ ಕೊಡ."

ಕಂಬಳಿಯ ಘಡಿ ಇನ್ನೂ ಮುರಿದಿರಲಿಲ್ಲ, ಮಡಿಕೆ ಬಿಚ್ಚಿ ಒಮ್ಮೆಯೂ ಹೊದ್ದಿರಲಿಲ್ಲ. ಆದರೂ ಮಾಣಿಕಮ್ಮ ಕೊಟ್ಟಳು.

ಐದನೆಯ ದಿನ ಕಂಬಳಿ ಮರಳಿ ಬಂತು. ಸರುಬಾಯಿಗೆ ಚಹಾ ಕೊಟ್ಟು, ಮಾಣಿಕಮ್ಮ ಅದನ್ನು ಬಿಸಿಲಿಗೆ ಹಾಕಲು ಅಂಗಳದಲ್ಲಿ ಝಾಡಿಸಿದಳು. ಅಂಚಿನಿಂದ ಕೆಂಪು ಮಣ್ಣು ಉದುರಿತು. ಬೆರಳಲ್ಲಿ ತಿಕ್ಕಿ ನೋಡಿದಳು. ಕುರಿಯ ಗೊರಸಿನ ಮಣ್ಣು ನೋಡಿ ಅದು ಯಾರ ಹೊಲ ಹೊಕ್ಕು ಬಂದಿದೆ ಎಂದು ಹೇಳುವವಳು ಆಕೆ. ಮನಿಷಾನ ಮನೆಯ ಸುತ್ತ ಇರುವುದೆಲ್ಲ ಕರಿ ಎರೆ.

"ಸರೂ, ಮನಿಷಾನ ಅಂಗಳ ಯಾವಾಗ ಕೆಂಪಾತು?"

ಸರುಬಾಯಿ ಚಹಾದ ಬಸಿಯನ್ನು ಕೆಳಗಿಟ್ಟಳು. "ಘಾಟಿಗಿ ಹೋಗ್ಲಿಕ್ಕ ಅಳಿಯ ಗಾಡಿ ತಂದಿದ್ದ ಅಕ್ಕಾ. ಒಂದೇ ಜಾಗ ಇತ್ತು."

"ನನಗ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?"

"ಹೋಗಿ ಬಾ ಅಂತಿದ್ದಿ. ಹಂಗಂದಿದ್ರ ನನಗ ಹೋಗ್ಲಿಕ್ಕ ಆಗ್ತಿದ್ದಿಲ್ಲ. ಅದಕ್ಕೇ ಹೇಳಲಿಲ್ಲ."

"ಮೋಡ ಕೆಳಗಿತ್ತೇನು?"

"ಇತ್ತು."

"ಕಂಬಳಿ ಯಾರ ಕೂಡ ಹೊದ್ದಿದ್ದಿ?"

"ಮನಿಷಾನ ಕೂಡ."

ಮಾಣಿಕಮ್ಮ ಕಂಬಳಿಯನ್ನು ಹಗ್ಗದ ಮೇಲೆ ಹರವಿದಳು. ಬೆಟ್ಟ ಎಲ್ಲೂ ಹೋಗಿಲ್ಲ, ಬಸ್ಸೂ ಇದೆ. ಆದರೆ ಈ ಎರಡು ವರ್ಷ ಮನಸ್ಸಿನಲ್ಲಿ ಆ ತುದಿಗೆ ಹೋಗಿ ಕುಳಿತಾಗಲೆಲ್ಲ ಆಕೆಯ ಮಗ್ಗುಲಲ್ಲಿ ಒಬ್ಬಳಿರುತ್ತಿದ್ದಳು. ಆ ಜಾಗ ಈಗ ಬರಿದಾಗಿತ್ತು.

"ಬರೋ ವರ್ಷ ಇಬ್ಬರೂ ಹೋಗಣ ಅಕ್ಕಾ. ಬೇಕಾದ್ರ ಈಗೇ ಭಂಡಾರ ಮುಟ್ಟತೀನಿ," ಎಂದು ಸರುಬಾಯಿ ಎದ್ದು, ಗೂಟಕ್ಕೆ ತೂಗುತ್ತಿದ್ದ ಭಂಡಾರದ ಚೀಲಕ್ಕೆ ಕೈ ಚಾಚಿದಳು.

ಮಾಣಿಕಮ್ಮ ಮೊದಲೇ ಹೋಗಿ ಚೀಲವನ್ನು ಬಿಡಿಸಿಕೊಂಡು, ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಚಹಾ ಆರತದ," ಎಂದಳು. "ಕುಡದು ಹೋಗು."